ಷರಾ

ಸೋಮವಾರ ಎರಡು ಅರ್ಜಿ ಬಂದವು ನನ್ನ ಮೇಜಿಗೆ.
ಮುಧೋಳದ ಠಾಣೆ, ಮೂಲೆಯ ಕಿಟಕಿ,
ಹೊರಗೆ ಕಬ್ಬಿನ ಟ್ರ್ಯಾಕ್ಟರು ಸಾಲುಗಟ್ಟಿ
ಫ್ಯಾಕ್ಟರಿಯ ಪಾಳಿಗೆ ಕಾದಿದ್ದವು.
ಮಕ್ಕಳಿರುವ ಜಾಗದ ಕೆಲಸಕ್ಕೆ ಈಗ
ಪೊಲೀಸರ ಚೀಟಿಯಿಲ್ಲದೆ ಆಗುವುದಿಲ್ಲ.
ಹೆಸರು ಒತ್ತುತ್ತೇನೆ, ಹುಟ್ಟಿದ ದಿನ ಒತ್ತುತ್ತೇನೆ,
ಕಂಪ್ಯೂಟರು ಬಾವಿಯ ಗಾಲಿಯಂತೆ ಸುತ್ತುತ್ತದೆ.
ಕೊಡ ಮೇಲೆ ಬರುತ್ತದೆ,
ಇಲ್ಲವೆ ಬರಿ ಹಗ್ಗ.

ಮೊದಲನೆಯವ ಲಗಮಪ್ಪ ಹಲಗಲಿ, ಐವತ್ತೆರಡು.
ಶಾಲೆಯ ಬಸ್ಸಿಗೆ ಅಟೆಂಡರ ಕೆಲಸ. ಓಡಿಸುವುದಲ್ಲ,
ಬಾಗಿಲು ತೆಗೆದು, ಕೈ ಹಿಡಿದು, ರಸ್ತೆ ದಾಟಿಸುವುದು.
ಕೊಡ ಮೇಲೆ ಬಂತು:
ಇಪ್ಪತ್ತೊಂದು ವರ್ಷದ ಹಿಂದೆ, ಲೋಕಾಪುರದ ತಿರುವು,
ಎರಡು ಟ್ರೇಲರು ಕಬ್ಬು.
ಜಗ್ಗಿದ ಜಲ್ಲೆ ಕೈಗೆ ಬರಲಿಲ್ಲವೆಂದು
ಹುಡುಗನೊಬ್ಬ ಎರಡರ ನಡುವಿನ ಕೊಂಡಿಗೆ ಹತ್ತಿದ್ದ.
ಇವನು ಟೇಪು ಜೋರು ಹಚ್ಚಿದ್ದ.
ಮುನ್ನೂರಾ ನಾಲ್ಕು ಎ. ಒಂದು ವರ್ಷ, ಹಿಂಡಲಗಾ.

ಕರೆಸಿದೆ. ಕುರ್ಚಿ ತೋರಿಸಿದರೂ ಕೂಡಲಿಲ್ಲ.
‘ಖರೆ ಐತ್ರಿ ಮೇಡಮ್ಮಾರ, ಮುಚ್ಚಬ್ಯಾಡ್ರಿ.
ಆ ಹುಡುಗನ ಹೆಸರ ಐತೇನ್ರಿ ಅದ್ರಾಗ?’
ಇರಲಿಲ್ಲ.
‘ಹಂಗಾರ ಬರಕೋರಿ. ಬಸೂ ಅಂತ.’

ನನಗೂ ಎಂಟರ ಮಗನಿದ್ದಾನೆ.
ಇವನ ಕೈಗೆ ಅವನ ಕೈ ಕೊಡುತ್ತಿದ್ದೆನೆ?
ತಟ್ಟನೆ ಹೌದೆನ್ನಲಾರೆ. ಇಡೀ ಮಧ್ಯಾಹ್ನ ಯೋಚಿಸಿದೆ,
ಇಲ್ಲವೆನ್ನುವುದಕ್ಕೂ ಆಗಲಿಲ್ಲ.
ಷರಾ ಎಂಬ ಕಾಲಮ್ಮು ಎರಡು ಬೆರಳಗಲ.
ಶಿಕ್ಷೆ ಮುಗಿಸಿದ್ದಾನೆ, ಮುಂದೆ ಏನೂ ಇಲ್ಲ, ಎಂದು ಬರೆದೆ.
ಅಂಚಿನಲ್ಲಿ, ಸಣ್ಣಗೆ, ಬಸೂ.
ಉಳಿದದ್ದು ಶಾಲೆಯವರಿಗೆ ಬಿಟ್ಟದ್ದು.
ಬೇಡ ಅಂದಾರು. ಬಹುಶಃ ಅಂದಾರು.

ಎರಡನೆಯ ಅರ್ಜಿ ವಸತಿ ಕೋಚಿಂಗಿನದು.
ನವೋದಯ, ಸೈನಿಕ, ಮೊರಾರ್ಜಿ. ತೊಂಬತ್ತು ಮಕ್ಕಳು,
ಮೂರು ಕೋಣೆ, ಒಂದು ತಗಡಿನ ಶೆಡ್ಡು.
ಸಂಸ್ಥಾಪಕರು: ನಿವೃತ್ತ ಗುರುಗಳು, ಎಪ್ಪತ್ತೊಂದು.
ಫೋಟೋದಲ್ಲಿ ಸನ್ಮಾನದ ಶಾಲು.
ಗಾಲಿ ಸುತ್ತಿತು, ಹಗ್ಗ ಬರಿದೇ ಬಂತು.
ಯಾವುದೇ ಪ್ರಕರಣ ಕಂಡುಬಂದಿಲ್ಲ.

ಕಂಡುಬಂದಿಲ್ಲ. ಯಾರಿಗೆ?

ಆ ಸಹಿಯನ್ನು ನಾನು ಬಲ್ಲೆ.
ಐದನೆಯ ಇಯತ್ತೆಯ ನನ್ನ ಲೆಕ್ಕದ ವಹಿಯಲ್ಲಿ
ಕೆಂಪು ಶಾಯಿಯಲ್ಲಿ ‘ಜಾಣೆ’ ಎಂದು ಬರೆದು
ಅದರ ಕೆಳಗೆ ಹಾಕುತ್ತಿದ್ದರು.
ನಕಾಶೆ ಸುತ್ತಿಡುವ ಕೋಣೆಯನ್ನು ಬಲ್ಲೆ.
ಅದರ ಚಿಲಕಕ್ಕೆ ಎರಡು ಸದ್ದು,
ಹಾಕುವಾಗ ಒಂದು, ತೆಗೆಯುವಾಗ ಒಂದು,
ನಡುವೆ ಸುಣ್ಣದ ಕಡ್ಡಿಯ ವಾಸನೆ.
ಮಗಳು ಪಾಸಾದಳೆಂದು ಅವ್ವ
ಮಹಾಲಿಂಗಪುರದ ಬೆಲ್ಲದ ಪೆಂಟಿ ತರಿಸಿ
ಅವರ ಮನೆಗೆ ನನ್ನ ಕೈಲೇ ಕಳಿಸಿದಳು.
ಒಯ್ದು ಕೊಟ್ಟೆ.
ಕಾಲಿಗೂ ಬಿದ್ದೆ.

ಇವತ್ತು ಷರಾದ ಮೇಲೆ ಪೆನ್ನು ನಿಂತಿತು.
‘ನಿರಂಕ’ ಎಂದು ಮೂರೂವರೆ ಅಕ್ಷರ ಗೀಚಿದರೆ
ಸಂಜೆಯೊಳಗೆ ಸೀಲು ಬೀಳುತ್ತದೆ.
ಹನ್ನೊಂದು ವರ್ಷದಿಂದ ಗೀಚುತ್ತಲೇ ಬಂದಿದ್ದೇನೆ,
ಎಷ್ಟು ಜನರ ಮೇಲೋ,
ಎಷ್ಟು ಚಿಲಕಗಳ ಮೇಲೋ.

ಎದ್ದೆ. ಮೇಜು ಸುತ್ತಿ ಬಂದು
ಆಚೆ ಕಡೆಯ ಕುರ್ಚಿಯಲ್ಲಿ ಕುಳಿತೆ,
ಜನ ಬಂದು ಅಳುವ ಕುರ್ಚಿ.
ಒಂದು ಕಾಲು ಗಿಡ್ಡ, ಅಲುಗಾಡುತ್ತದೆ.
ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

‘ದಾದಾಪೀರ, ಒಂದು ಫಿರ್ಯಾದಿ ಬರಕೋ.’
ಅವನು ಚಹಾದ ಲೋಟ ಕೆಳಗಿಟ್ಟು ನಕ್ಕ,
‘ಯಾರದ್ರೀ ಅಕ್ಕಾರ?’
ಸುವರ್ಣಾ, ತಂದೆ ರಾಚಪ್ಪ ಕೌಜಲಗಿ, ಅಂದೆ.
ನಗು ಮುಖದ ಮೇಲೆ ಉಳಿದೇ ಇತ್ತು,
ಒಳಗಿನವ ಹೋಗಿಬಿಟ್ಟಿದ್ದ.
ಕುರ್ಚಿ ಜರುಗಿಸಿ, ಬೆರಳಿನಿಂದ ಗೆರೆ ಹಿಡಿದು,
ಹೆಸರು ಬರೆದ, ಊರು ಬರೆದ,
ವಯಸ್ಸಿನ ಹತ್ತಿರ ತಡೆದ.
‘ಈಗಿಂದೋ ಅಕ್ಕಾರ, ಆಗಿಂದೋ?’

ಎರಡೂ ಬರಿ, ಅಂದೆ.